ಕೆಟ್ಟ ಗಾಳಿಯ ಹೆಸರು ಹುಟ್ಟಿದ ಬಯಲು: ರೋಮಿನಿಂದ ಪೊಂಟಿನೊ ಜೌಗಿನವರೆಗೆ

ಮೊದಲ ದಿನ: ಟೈಬರ್ ದಂಡೆಯ ಆಸ್ಪತ್ರೆ

ಸೇಂಟ್ ಪೀಟರ್ಸ್ ಚೌಕದತ್ತ ಹೊರಟ ಜನಜಂಗುಳಿಯನ್ನು ಬಿಟ್ಟು, ಸಾಂತ್ ಆಂಜೆಲೊ ಕೋಟೆಯಿಂದ ನದಿಯ ದಂಡೆ ಹಿಡಿದು ಐದಾರು ನಿಮಿಷ ನಡೆದರೆ ಸಾಂತೊ ಸ್ಪಿರಿತೊ ಆಸ್ಪತ್ರೆ ಸಿಗುತ್ತದೆ. ಇವತ್ತಿಗೂ ನಡೆಯುತ್ತಿರುವ ಆಸ್ಪತ್ರೆ ಇದು. ಒಂದು ಬಾಗಿಲಲ್ಲಿ ಆಂಬುಲೆನ್ಸ್ ನಿಂತಿರುತ್ತದೆ, ಪಕ್ಕದ ಬಾಗಿಲಲ್ಲಿ 15ನೇ ಶತಮಾನದ ಕಲ್ಲಿನ ಕೆತ್ತನೆ. ಪೋಪ್ 3ನೇ ಇನ್ನೊಸೆಂಟ್ ಕಾಲದಲ್ಲಿ ಶುರುವಾಗಿ, 1470ರ ದಶಕದಲ್ಲಿ 4ನೇ ಸಿಕ್ಸ್ಟಸ್ ಮತ್ತೆ ಕಟ್ಟಿಸಿದ ದೊಡ್ಡ ವಾರ್ಡು ನೂರು ಮೀಟರಿಗೂ ಉದ್ದವಿದೆ. ಅದನ್ನೂ ಹಳೆಯ ವೈದ್ಯಕೀಯ ವಸ್ತುಗಳ ಸಂಗ್ರಹಾಲಯವನ್ನೂ ನೋಡಬೇಕೆಂದರೆ ಮೊದಲೇ ಬರೆದು ಸಮಯ ಗೊತ್ತುಮಾಡಿಕೊಂಡು ಹೋಗಬೇಕು. ಸುಮ್ಮನೆ ಹೋಗಿ ನಿಂತರೆ ಒಳಗೆ ಬಿಡುವುದಿಲ್ಲ.

ರೋಮಿನ ಜ್ವರದ, ಅಂದರೆ ಮಲೇರಿಯಾದ, ಕಥೆಯನ್ನು ಇಲ್ಲಿಂದಲೇ ಶುರುಮಾಡಬೇಕು. ಬೇಸಿಗೆ ಬಂತೆಂದರೆ ಈ ವಾರ್ಡಿನ ಹಾಸಿಗೆಗಳು ಸುತ್ತಲಿನ ಬಯಲಿನ ಕೂಲಿಗಳಿಂದ ತುಂಬುತ್ತಿದ್ದವು. ಅವರನ್ನು ಕೇಳಿದರೆ ‘ಫೆಬ್ರಿ’, ಅಂದರೆ ಜ್ವರಗಳು, ಎನ್ನುತ್ತಿದ್ದರೇ ಹೊರತು ಮಲೇರಿಯಾ ಎನ್ನುತ್ತಿರಲಿಲ್ಲ. ದಿನ ಬಿಟ್ಟು ದಿನ ಬಂದರೆ ‘ತೆರ್ತ್ಸಾನಾ’, ಎರಡು ದಿನ ಬಿಟ್ಟು ಬಂದರೆ ‘ಕ್ವಾರ್ತಾನಾ’. ಮೂರು, ನಾಲ್ಕು ಎಂಬ ಲೆಕ್ಕ ಹೇಗೆ ಬಂತೆಂದರೆ, ಜ್ವರ ಬಂದ ದಿನವನ್ನೂ ಸೇರಿಸಿ ಎಣಿಸುವುದು ರೋಮನ್ನರ ಪದ್ಧತಿ. ‘ಮಾಲ್ ಆರಿಯಾ’ ಎನ್ನುವುದು ರೋಗದ ಹೆಸರಾಗಿರಲಿಲ್ಲ, ಜಾಗದ ಗುಣವಾಗಿತ್ತು. ‘ಮಾಲಾ’ ಎಂದರೆ ಕೆಟ್ಟ, ‘ಆರಿಯಾ’ ಎಂದರೆ ಗಾಳಿ. ಎರಡು ಆಕಾರಗಳ ನಡುವೆ ಒಂದು ಬಿದ್ದುಹೋಗಿ ‘ಮಾಲ್ ಆರಿಯಾ’. ಆ ತಗ್ಗಿನಲ್ಲಿ ಮಾಲ್ ಆರಿಯಾ ಇದೆ, ಆಗಸ್ಟ್‌ನಲ್ಲಿ ಅಲ್ಲಿ ಮಲಗಬೇಡ, ಹೀಗೆ ಬಳಕೆ. ಇಂಗ್ಲಿಷಿಗೆ ಇದನ್ನು ಕೊಂಡೊಯ್ದವನು ಇಂಗ್ಲಿಷ್ ಲೇಖಕ ಹೊರೇಸ್ ವಾಲ್ಪೋಲ್. ಪ್ರತಿ ಬೇಸಿಗೆ ರೋಮಿಗೆ ಬಂದು ಜನರನ್ನು ಕೊಲ್ಲುವ ಭಯಂಕರ ವಸ್ತುವೊಂದಿದೆ ಎಂದು 1740ರಲ್ಲಿ ಇಟಲಿಯಿಂದ ಬರೆದ ಪತ್ರದಲ್ಲಿ ಅವನು ಹೇಳುತ್ತಾನೆ. 1827ರಲ್ಲಿ ಜಾನ್ ಮೆಕಲಕ್ ಅದನ್ನು ಇಂಗ್ಲಿಷ್ ವೈದ್ಯಶಾಸ್ತ್ರದ ಮಾತನ್ನಾಗಿ ಮಾಡಿದ. ಕಾರಣದ ಹೆಸರು ನಿಧಾನವಾಗಿ ಕಾಯಿಲೆಗೇ ಅಂಟಿಕೊಂಡದ್ದು 19ನೇ ಶತಮಾನದಲ್ಲಿ.

ಆಸ್ಪತ್ರೆಯ ಆವರಣದಲ್ಲೇ ಲಾಂಚಿಸಿ ಗ್ರಂಥಾಲಯವಿದೆ. ಪೋಪರ ವೈದ್ಯನಾಗಿದ್ದ ಜೊವಾನ್ನಿ ಮರಿಯಾ ಲಾಂಚಿಸಿ 1717ರಲ್ಲಿ ಜೌಗಿನಿಂದ ಏಳುವ ಕೆಟ್ಟ ಆವಿಯ ಬಗ್ಗೆಯೇ ಒಂದು ಗ್ರಂಥ ಪ್ರಕಟಿಸಿದ. ಗಾಳಿಯ ಸಿದ್ಧಾಂತದ ದೊಡ್ಡ ಪ್ರತಿಪಾದಕ ಅವನೇ. ಆದರೂ ಆ ಗ್ರಂಥದಲ್ಲೇ ಜೌಗಿನ ಸೊಳ್ಳೆಗಳ ಮೇಲೂ ಅವನ ಅನುಮಾನ ಹರಿದಿದೆ. ಅವನಿಗಿಂತ ಹದಿನೇಳು ಶತಮಾನ ಹಿಂದೆಯೇ ವಾರೊ ಎಂಬ ರೋಮನ್ ಲೇಖಕ, ಜೌಗಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಜೀವಿಗಳು ಹುಟ್ಟಿ ಬಾಯಿ ಮೂಗಿನಿಂದ ಒಳಹೊಕ್ಕು ಕಾಯಿಲೆ ತರುತ್ತವೆ, ಅಂಥ ಕಡೆ ಮನೆ ಕಟ್ಟಬೇಡಿ ಎಂದು ರೈತರಿಗೆ ಹೇಳಿದ್ದ. ಜೀವಿ ಇದೆ ಎಂಬುದನ್ನು ಅವನು ಸರಿಯಾಗಿಯೇ ಊಹಿಸಿದ್ದ. ಒಳಬರುವ ಬಾಗಿಲು ಮಾತ್ರ ಮೂಗಲ್ಲ, ಚರ್ಮ.

ಆ ಬಾಗಿಲು ಪತ್ತೆಯಾದದ್ದೂ ಇದೇ ಕಟ್ಟಡದಲ್ಲಿ. ಅಲ್ಜೀರಿಯಾದಲ್ಲಿ 1880ರಲ್ಲಿ ರೋಗಿಯ ರಕ್ತದಲ್ಲಿ ಪರಾವಲಂಬಿಯನ್ನು ಕಂಡ ಫ್ರೆಂಚ್ ಸೇನಾವೈದ್ಯ ಲಾವೆರಾನ್ 1882ರಲ್ಲಿ ಸಾಂತೊ ಸ್ಪಿರಿತೊಗೆ ಬಂದು ಇಲ್ಲಿನವರಿಗೂ ತೋರಿಸಿದ. 1885ರಲ್ಲಿ ರೋಮಿನ ವೈದ್ಯರಾದ ಮಾರ್ಕಿಯಫಾವಾ ಮತ್ತು ಚೆಲ್ಲಿ ಅದಕ್ಕೆ ಪ್ಲಾಸ್ಮೋಡಿಯಂ ಎಂದು ಹೆಸರಿಟ್ಟರು. 1898ರ ನವೆಂಬರಿನಲ್ಲಿ ಇಟಲಿಯ ವಿಜ್ಞಾನಿಗಳಾದ ಗ್ರಾಸ್ಸಿ, ಬಿನ್ಯಾಮಿ, ಬಾಸ್ತಿಯಾನೆಲ್ಲಿ ಸೇರಿ ಜ್ವರದ ಊರಿನಿಂದ ತಂದ ಅನಾಫಿಲಿಸ್ ಸೊಳ್ಳೆಗಳಿಂದ, ಒಪ್ಪಿ ಮುಂದೆ ಬಂದ ಒಬ್ಬ ರೋಗಿಗೆ ಕಚ್ಚಿಸಿ ಮಲೇರಿಯಾ ಬರಿಸಿ ತೋರಿಸಿದರು. ಕೆಟ್ಟ ಗಾಳಿಯ ವಾದ ಬಿದ್ದದ್ದು ಇಲ್ಲಿ. ಹೆಸರು ಮಾತ್ರ ಉಳಿಯಿತು.

ಮಧ್ಯಾಹ್ನ ಬೋರ್ಗೊ ಬೀದಿಗಳಲ್ಲಿ ಬಿಸಿ ಬಿಸಿ ಸುಪ್ಪ್ಲಿ ಸಿಕ್ಕಿತು. ಟೊಮೆಟೊ ಅನ್ನದ ಉಂಡೆಯೊಳಗೆ ಚೀಸ್ ಇಟ್ಟು ಕರಿದದ್ದು. ಮಾಂಸವಿಲ್ಲದ್ದು ಬೇಕಾದರೆ ಕೇಳಿಯೇ ಕೊಳ್ಳಿ, ಮಾಮೂಲಿನದರಲ್ಲಿ ಹೆಚ್ಚಾಗಿ ಮಾಂಸದ ಗೊಜ್ಜು ಬೆರೆತಿರುತ್ತದೆ. ಸಂಜೆ ಕ್ವಿರಿನಾಲೆ ಗುಡ್ಡ ಹತ್ತಿದರೆ ಅಲ್ಲಿ ಈಗ ರಾಷ್ಟ್ರಪತಿಗಳ ಅರಮನೆ. ವ್ಯಾಟಿಕನ್ನಿನ ತಗ್ಗಿನ ಗಾಳಿ ಕೆಟ್ಟದ್ದೆಂದು ಪೋಪರು ಬೇಸಿಗೆ ಕಳೆಯಲು ಕಟ್ಟಿಸಿಕೊಂಡದ್ದು ಅದು. ಆದರೂ 1590ರ ಆಗಸ್ಟ್‌ನಲ್ಲಿ 5ನೇ ಸಿಕ್ಸ್ಟಸ್ ಜ್ವರದಿಂದ ಸತ್ತದ್ದು ಇದೇ ಅರಮನೆಯಲ್ಲಿ. ಅವನ ನಂತರ ಆರಿಸಿ ಬಂದ 7ನೇ ಅರ್ಬನ್ ಎರಡು ವಾರ ತುಂಬುವ ಮೊದಲೇ ಅದೇ ಜ್ವರಕ್ಕೆ ಬಲಿಯಾದ.

ಎರಡನೇ ದಿನ: ನೀಲಗಿರಿ ಮರಗಳು, ಓಸ್ತಿಯಾ

ಮೆಟ್ರೊದ ಬಿ ಲೈನಿನ ಕೊನೆಯ ನಿಲ್ದಾಣ ಲೌರೆಂತಿನಾ. ಅಲ್ಲಿಂದ ಇಳಿಜಾರು ಹಾದಿಯಲ್ಲಿ ಸ್ವಲ್ಪ ನಡೆದರೆ ತ್ರೆ ಫೊಂತಾನೆ ಮಠ. ಗೇಟಿನ ಒಳಗೆ ಕಾಲಿಟ್ಟೊಡನೆ ನೀಲಗಿರಿಯ ವಾಸನೆ. 1868ರಲ್ಲಿ ಇಲ್ಲಿಗೆ ಬಂದ ಟ್ರಾಪಿಸ್ಟ್ ಸನ್ಯಾಸಿಗಳಿಗೆ ಸಿಕ್ಕಿದ್ದು ಜ್ವರದಿಂದ ಬರಿದಾದ ತಗ್ಗು. ಗಾಳಿ ಕೆಟ್ಟದ್ದಾದರೆ ಗಾಳಿಯನ್ನೇ ಶುದ್ಧ ಮಾಡಬೇಕಲ್ಲವೇ? ಆಸ್ಟ್ರೇಲಿಯಾದ ಈ ಮರದ ಕಂಪು ಕೆಟ್ಟ ಆವಿಯನ್ನು ಓಡಿಸುತ್ತದೆ ಎಂಬ ನಂಬಿಕೆಯಿಂದ ಸಾವಿರಾರು ಸಸಿ ನೆಟ್ಟರು. ಕಂಪಿನಿಂದ ಏನೂ ಆಗಲಿಲ್ಲ. ಬೇರು ನೆಲದ ನೀರನ್ನು ಹೀರಿದ್ದರಿಂದ ಅಲ್ಲಲ್ಲಿ ಕುಂಟೆಗಳು ಒಣಗಿದ್ದಿರಬಹುದು, ಅಷ್ಟೇ. ಮರ ಬೆಳೆದ ಮೇಲೂ ಜ್ವರ ಪೂರ್ತಿ ಹೋಗಲಿಲ್ಲ. ನೀಲಗಿರಿ ತೋಪು ಅಂತರ್ಜಲಕ್ಕೆ ಏನು ಮಾಡುತ್ತದೆಂದು ಕೋಲಾರದ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ.

ಮಠದ ಅಂಗಡಿಯಲ್ಲಿ ಎಲೆಗಳಿಂದ ತೆಗೆದ ‘ಎವುಕಲಿತ್ತಿನೊ’ ಮದ್ಯ ಮಾರುತ್ತಾರೆ, ಚಾಕೊಲೇಟ್ ಕೂಡ. ಶೀತವಾದಾಗ ನೀಲಗಿರಿ ಎಣ್ಣೆ ಹಾಕಿದ ಬಿಸಿನೀರಿನ ಹಬೆ ತೆಗೆದುಕೊಂಡಂತೆ ಒಂದು ಗುಟುಕಿಗೇ ಮೂಗು ಬಿಟ್ಟುಕೊಳ್ಳುತ್ತದೆ. ಅಂಗಡಿ ಮಧ್ಯಾಹ್ನ ಮುಚ್ಚುವುದರಿಂದ ಬೆಳಿಗ್ಗೆಯೇ ಹೋಗುವುದು ಒಳ್ಳೆಯದು. ಗಲ್ಲಾದಲ್ಲಿದ್ದ ವಯಸ್ಸಾದವರನ್ನು, ಜ್ವರಕ್ಕೆ ಇದನ್ನು ಕುಡಿಯುತ್ತಿದ್ದರೇ ಎಂದು ಕೇಳಿದೆವು. ‘ಜ್ವರಕ್ಕೆ ಕೊಡುತ್ತಿದ್ದದ್ದು ಕಿನೀನೊ. ಇದು ಚಳಿಗೆ’ ಎಂದರು. ಕಿನೀನೊ ಎಂದರೆ ಕ್ವಿನೈನ್, ಮಲೇರಿಯಾದ ಔಷಧ.

ಅದೇ ಮೆಟ್ರೊದಲ್ಲಿ ಪಿರಮಿದೆ ನಿಲ್ದಾಣಕ್ಕೆ ವಾಪಸು ಬಂದು ಓಸ್ತಿಯಾ ರೈಲು ಹತ್ತಬೇಕು. ಅರ್ಧ ಗಂಟೆಯ ದಾರಿ. ಬಸ್ಸು ಮೆಟ್ರೊ ಟಿಕೆಟ್ಟನ್ನು ‘ತಬಾಕ್ಕಿ’ ಅಂಗಡಿಯಲ್ಲಿ ಕೊಳ್ಳಬಹುದು. ದೊಡ್ಡ ‘ಟಿ’ ಅಕ್ಷರದ ಬೋರ್ಡು ನೋಡಿ. ಉಪ್ಪು, ಹೊಗೆಸೊಪ್ಪು ಸರ್ಕಾರದ ಏಕಸ್ವಾಮ್ಯವಾಗಿದ್ದ ಕಾಲದಲ್ಲಿ 1900ರ ಕಾನೂನಿನ ಪ್ರಕಾರ ಸರ್ಕಾರಿ ಕ್ವಿನೈನನ್ನೂ ಇದೇ ಅಂಗಡಿಗಳಲ್ಲಿ ಅಗ್ಗಕ್ಕೆ ಮಾರುತ್ತಿದ್ದರು. ಔಷಧದಂಗಡಿ ಇಲ್ಲದ ಹಳ್ಳಿಯಲ್ಲೂ ತಬಾಕ್ಕಿ ಇರುತ್ತಿತ್ತು, ಹಾಗಾಗಿ ಈ ಏರ್ಪಾಡು. ಕಹಿಗೆ ಮುಖ ತಿರುಗಿಸುವ ಮಕ್ಕಳಿಗೆಂದು ಕ್ವಿನೈನ್ ಬೆರೆಸಿದ ಚಾಕೊಲೇಟನ್ನೂ ಮಾಡಿದ್ದರು. ಇದರ ಹಿಂದಿದ್ದವನು ಪ್ಲಾಸ್ಮೋಡಿಯಂಗೆ ಹೆಸರಿಟ್ಟ ಆಂಜೆಲೊ ಚೆಲ್ಲಿಯೇ. ಸೂಕ್ಷ್ಮದರ್ಶಕ ಬಿಟ್ಟು ಎದ್ದು ಸಂಸತ್ತಿಗೆ ಹೋಗಿ ಬಡವರಿಗೆ ಮಾತ್ರೆ ಸಿಗುವಂತೆ ಮಾಡಿದ ವೈದ್ಯ ಅವನು. ಹೆಂಡತಿ ಆನ್ನಾ ಜೊತೆ ಸೇರಿ ಜೌಗಿನ ಗುಡಿಸಲುಗಳಲ್ಲಿ ಶಾಲೆ ನಡೆಸಿದ. ಮಾತ್ರೆಯನ್ನು ಯಾಕೆ, ಎಷ್ಟು ದಿನ ನುಂಗಬೇಕೆಂದು ಗೊತ್ತಿಲ್ಲದವರು ಎರಡು ದಿನಕ್ಕೇ ಬಿಟ್ಟುಬಿಡುತ್ತಾರೆ ಎಂಬುದನ್ನು ಅವರಿಬ್ಬರೂ ಕಣ್ಣಾರೆ ಕಂಡಿದ್ದರು.

ಓಸ್ತಿಯಾ ಆಂತಿಕಾದಲ್ಲಿ ಇಳಿಯುವಷ್ಟರಲ್ಲಿ ಮಳೆ ಜಡಿಯತೊಡಗಿತು. ಪಾಳುಬಿದ್ದ ರೋಮನ್ ಬಂದರಿನ ಕಲ್ಲುಹಾಸು ಒದ್ದೆಯಾದರೆ ಜಾರುತ್ತದೆ, ಚಪ್ಪಲಿ ಸಲ್ಲದು. ಈ ಊರಿನ ಸುತ್ತಲಿನ ಕೊಳಗಳನ್ನು ಬತ್ತಿಸಿದವರು 1884ರ ನವೆಂಬರಿನಲ್ಲಿ ರಾವೆನ್ನಾದಿಂದ ಗುದ್ದಲಿ ಹೊತ್ತು ಬಂದ ಕೂಲಿಗಳು. ಅವರಲ್ಲಿ ಬಹಳ ಜನ ಜ್ವರದಲ್ಲೇ ತೀರಿಕೊಂಡರು.

ಪಕ್ಕದ ಕಾಸ್ತೆಲ್ ಫುಸಾನೊ ಪೈನ್ ತೋಪಿನ ಹತ್ತಿರ 1900ರ ಬೇಸಿಗೆಯಲ್ಲಿ ಒಂದು ಮರದ ಗುಡಿಸಲು ನಿಂತಿತ್ತು. ಲಂಡನ್ನಿನ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್ ಕಳಿಸಿದ ಇಬ್ಬರು ವೈದ್ಯರು, ಸಾಂಬೊನ್ ಮತ್ತು ಲೋ, ಸಂಗಡಿಗರೊಂದಿಗೆ ಜ್ವರದ ಕಾಲವಿಡೀ ಅದರಲ್ಲಿ ವಾಸಮಾಡಿದರು. ಕಿಟಕಿ ಬಾಗಿಲಿಗೆಲ್ಲ ತಂತಿಬಲೆ. ಹಗಲು ಎಲ್ಲರಂತೆ ತಿರುಗಾಡುವುದು, ಮಳೆಗೆ ನೆನೆಯುವುದು, ಸೂರ್ಯ ಮುಳುಗುವ ಮೊದಲು ಒಳಸೇರುವುದು, ಬೆಳಗಾದ ಮೇಲೆ ಹೊರಬರುವುದು. ಕ್ವಿನೈನ್ ಮುಟ್ಟಲಿಲ್ಲ. ಈ ಪ್ರಯೋಗದ ಜೀವಾಳವಿರುವುದು ಕಿಟಕಿಯಲ್ಲಿ: ರಾತ್ರಿಯಿಡೀ ಅದು ತೆರೆದಿರುತ್ತಿತ್ತು. ಜೌಗಿನ ರಾತ್ರಿಯ ಗಾಳಿ ಧಾರಾಳವಾಗಿ ಒಳಬರುತ್ತಿತ್ತು, ಸೊಳ್ಳೆ ಬರುತ್ತಿರಲಿಲ್ಲ. ಅಕ್ಟೋಬರಿನಲ್ಲಿ ಆರೋಗ್ಯವಾಗಿ ಹೊರಟರು. ಮನೆಗೆ ಬಲೆ ಹೊಡೆಸುವವರು ಇವತ್ತಿಗೂ ನೆನಪಿಡಬೇಕಾದ ಅಂಶ ಒಂದಿದೆ. ಇಂಚಿಗೆ 16 ಎಳೆಯ ಬಲೆ ಅನಾಫಿಲಿಸ್ ತಡೆಯಲು ಸಾಕು, ಆದರೆ ಸೋಲುವುದು ಬಲೆಯಲ್ಲ, ಚೌಕಟ್ಟಿನ ಸಂದು ಮತ್ತು ತಾನಾಗಿ ಮುಚ್ಚದ ಬಾಗಿಲು.

ಮಳೆ ನಿಂತ ಮೇಲೆ ಬಯಲುರಂಗಮಂದಿರದ ಮೆಟ್ಟಿಲ ಮೇಲೆ ಕೂತರೆ ಹಗಲು ಹೊತ್ತಿನಲ್ಲೇ ಕಾಲಿಗೆ ಕಚ್ಚಿದ್ದು ಕಪ್ಪು ಬಿಳಿ ಪಟ್ಟೆಯ ಹುಲಿಸೊಳ್ಳೆ. ಮಲೇರಿಯಾದ್ದಲ್ಲ, 1990ರಲ್ಲಿ ಜಿನೋವಾದಲ್ಲಿ ಮೊದಲು ಕಂಡು ಈಗ ಇಟಲಿ ತುಂಬ ಹರಡಿರುವ ಏಡಿಸ್ ಜಾತಿ. ಅಕ್ಟೋಬರ್ ಎಂದು ಮೈಮರೆಯದೆ ಹಚ್ಚಿಕೊಳ್ಳುವ ಕ್ರೀಮನ್ನು ಚೀಲದಲ್ಲಿಟ್ಟುಕೊಳ್ಳಿ.

ಮೂರನೇ ದಿನ: ಲತೀನಾ, ಕಾಲುವೆಗಳ ನಾಡು

ರೋಮಿನ ಮುಖ್ಯ ರೈಲು ನಿಲ್ದಾಣ ತೆರ್ಮಿನಿಯಿಂದ ಲತೀನಾಗೆ ಪ್ಯಾಸೆಂಜರ್ ರೈಲಿನಲ್ಲಿ ನಲವತ್ತು ನಿಮಿಷದ ಆಸುಪಾಸು. ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಹಾಕಿಸಿಕೊಳ್ಳಬೇಕು, ಇಲ್ಲವಾದರೆ ದಂಡ. ಲತೀನಾ ನಿಲ್ದಾಣ ಊರಿನಿಂದ ಎಂಟೊಂಬತ್ತು ಕಿ.ಮೀ. ದೂರ, ಊರಿಗೆ ಬಸ್ಸಿದೆ, ಆದರೆ ಕಾಲುವೆಯ ದಂಡೆ ಸುತ್ತಬೇಕಾದರೆ ಬಾಡಿಗೆ ಕಾರೇ ಗತಿ.

ಹಿಂದೆ ಪೊಂಟಿನೊ ಜೌಗಾಗಿದ್ದ ಈ ಬಯಲಿನ ರಚನೆ ಅರ್ಥವಾಗಲು ಒಮ್ಮೆ ಪೂರ್ವಕ್ಕೂ ಒಮ್ಮೆ ಪಶ್ಚಿಮಕ್ಕೂ ತಿರುಗಿ ನೋಡಬೇಕು. ಪೂರ್ವದಲ್ಲಿ ಗೋಡೆಯಂತೆ ಎದ್ದ ಲೆಪಿನಿ ಸುಣ್ಣಕಲ್ಲಿನ ಬೆಟ್ಟ. ಅದರ ಬುಡದಲ್ಲಿ ವರ್ಷವಿಡೀ ಬತ್ತದ ಬುಗ್ಗೆಗಳು. ಪಶ್ಚಿಮದಲ್ಲಿ ಕಡಲು, ಕಡಲಿಗಿಂತ ಮೊದಲು ಹಳೆಯ ಮರಳುದಿಣ್ಣೆಯ ಸಾಲು. ನಡುವಿನ ನೆಲ ದಿಣ್ಣೆಗಿಂತ ತಗ್ಗು, ಕೆಲವು ಕಡೆ ಸಮುದ್ರಮಟ್ಟಕ್ಕಿಂತಲೂ ತಗ್ಗು. ಬೆಟ್ಟದ ನೀರು ಇಳಿದು ಬರುತ್ತದೆ, ಹೊರಗೆ ಹೋಗಲು ದಾರಿಯಿಲ್ಲ, ನಿಲ್ಲುತ್ತದೆ. ರೋಮನ್ನರು ಅಗೆದರು, 1777ರಿಂದ ಪೋಪ್ 6ನೇ ಪಯಸ್ ರೋಮನ್ನರ ಕಾಲದ ಆಪ್ಪಿಯಾ ರಸ್ತೆಯ ಪಕ್ಕದಲ್ಲೇ ‘ಲೀನಿಯಾ ಪಿಯೊ’ ಕಾಲುವೆ ತೋಡಿಸಿದ. ಇಳಿಜಾರು ಸಾಲದ ಕಾಲುವೆ ಎರಡು ಮೂರು ವರ್ಷಕ್ಕೆ ಹೂಳು, ಕಳೆ ತುಂಬಿ ತಾನೇ ಜೌಗಾಗುತ್ತದೆ. ಆ ಕಳೆ ತುಳಿಸಲು ಎಮ್ಮೆಗಳ ಹಿಂಡನ್ನೇ ಕಾಲುವೆಯಲ್ಲಿ ಹೊಡೆದುಕೊಂಡು ಹೋಗುತ್ತಿದ್ದರಂತೆ. ಎಮ್ಮೆಗಳ ಸಂತತಿ ಇನ್ನೂ ಇದೆ. ರಸ್ತೆ ಬದಿಯ ಡೈರಿಯಲ್ಲಿ ಬೆಳಿಗ್ಗೆ ಹತ್ತರೊಳಗೆ ಹೋದರೆ ಆಗಷ್ಟೇ ಮಾಡಿದ ಎಮ್ಮೆ ಹಾಲಿನ ಮೊಝರೆಲ್ಲಾ ಸಿಗುತ್ತದೆ. ಅದನ್ನು ಫ್ರಿಜ್ಜಿಗೆ ಹಾಕದೆ ಆವತ್ತೇ ತಿನ್ನಬೇಕು. ಒತ್ತಿದರೆ ಹಾಲು ಜಿನುಗಬೇಕು.

ಗೆದ್ದ ಉಪಾಯ ಯಾವುದೆಂದರೆ ನೀರನ್ನು ಮಟ್ಟದ ಪ್ರಕಾರ ಬೇರ್ಪಡಿಸಿದ್ದು. ಬೆಟ್ಟದಿಂದ ಬರುವ ಮೇಲಿನ ನೀರನ್ನು ತಗ್ಗಿಗೆ ಇಳಿಯಲು ಬಿಡದೆ ದೊಡ್ಡ ಕಾಲುವೆಯಲ್ಲಿ ಸುತ್ತುಹಾಕಿಸಿ ಕಡಲಿಗೆ ಬಿಟ್ಟರು. ನಡುಮಟ್ಟದ್ದಕ್ಕೆ ಬೇರೆ ಕಾಲುವೆ. ತೀರ ತಗ್ಗಿನ ನೀರನ್ನು ಮಾತ್ರ ಪಂಪಿನಿಂದ ಎತ್ತಿ ಹಾಕುವುದು. ಮುಸೊಲಿನಿ ಕಾಲದ ಈ ಕೆಲಸದಲ್ಲಿ 1932ರಲ್ಲಿ ಲಿತ್ತೋರಿಯಾ ಎದ್ದಿತು, ಅದೇ ಇಂದಿನ ಲತೀನಾ. 1934ರಲ್ಲಿ ಸಬೌದಿಯಾ, 1935ರಲ್ಲಿ ಪೊಂತೀನಿಯಾ. ವೆನೆತೊ, ಫೆರ್ರಾರಾ ಕಡೆಯ ಬಡ ರೈತರನ್ನು ತಂದು ಕೂರಿಸಿದರು. ಹಳ್ಳಿಗಳಿಗೆ ಮೊದಲ ಮಹಾಯುದ್ಧದ ರಣಭೂಮಿಗಳ ಹೆಸರು: ಬೋರ್ಗೊ ಗ್ರಾಪ್ಪಾ, ಬೋರ್ಗೊ ಪಿಯಾವೆ, ಬೋರ್ಗೊ ಪೊದ್ಗೊರಾ. ಹಳೆಯ ರೈತಮನೆಗಳಲ್ಲಿ ಕೆಲವು ತಿಳಿನೀಲಿ. ಆ ಬಣ್ಣಕ್ಕೆ ಸೊಳ್ಳೆ ಬರುವುದಿಲ್ಲ ಎನ್ನುತ್ತಿದ್ದರಂತೆ. ಮಧ್ಯಾಹ್ನ ಊಟಕ್ಕೆ ನಿಂತ ಹೋಟೆಲಿನಲ್ಲಿ, ಪಾಸ್ತಾದ ನಾಡಿನ ನಟ್ಟನಡುವೆ, ಮೆಕ್ಕೆಜೋಳದ ಹಿಟ್ಟಿನ ಬಿಸಿ ಪೊಲೆಂತಾ ಬಂತು, ಮೇಲೆ ಅಣಬೆಯ ಗೊಜ್ಜು. ಉತ್ತರದಿಂದ ಬಂದವರು ಮೆಕ್ಕೆಜೋಳವನ್ನು ಬಿಟ್ಟಿಲ್ಲ.

ಆಪ್ಪಿಯಾ ರಸ್ತೆ ಇಲ್ಲಿ ಹಗ್ಗ ಹಿಡಿದು ಎಳೆದಷ್ಟು ನೇರ, ಎರಡೂ ಕಡೆ ಪೈನ್ ಮರ. ಮರದ ಬೇರು ಡಾಂಬರನ್ನು ಎಬ್ಬಿಸಿರುವುದರಿಂದ ನೇರ ಎಂದು ವೇಗ ಹೆಚ್ಚಿಸಬಾರದು. ಬೋರ್ಗೊ ಫಾಯಿತಿ ಬಳಿ ಹಳೆಯ ಫೋರುಂ ಆಪ್ಪಿ, ರೋಮನ್ನರ ಕಾಲದ ತಂಗುದಾಣ. ಪ್ರಾಚೀನ ಕವಿ ಹೊರೇಷಿಯಸ್ ಇಲ್ಲಿಂದಲೇ ರಾತ್ರಿಯ ದೋಣಿ ಹತ್ತಿ ತೆರ್ರಾಚಿನಾ ಕಡೆ ಹೋದವನು. ‘ಮಲಿ ಕುಲಿಕೇಸ್’, ಕೆಟ್ಟ ಸೊಳ್ಳೆಗಳು, ಜೊತೆಗೆ ಜೌಗಿನ ಕಪ್ಪೆಗಳು ಸೇರಿ ನಿದ್ದೆ ಕೆಡಿಸಿದವೆಂದು ಅವನು ಬರೆದಿದ್ದಾನೆ. ಎರಡು ಸಾವಿರ ವರ್ಷದ ಹಿಂದೆ, ಇದೇ ನೀರಿನ ಮೇಲೆ, ಅದೇ ‘ಮಲ್’ ವಿಶೇಷಣವನ್ನು ಒಬ್ಬ ಸೊಳ್ಳೆಗೇ ಅಂಟಿಸಿದ್ದ. ಆದರೆ ಅವನ ದೂರು ನಿದ್ದೆಗೆ ಸಂಬಂಧಿಸಿದ್ದು, ಜ್ವರಕ್ಕಲ್ಲ. ವಿಶೇಷಣ ಸೊಳ್ಳೆಯನ್ನು ಬಿಟ್ಟು ಗಾಳಿಗೆ ಹೋಗಿ ಕೂತದ್ದು ಯಾಕೆಂದರೆ ಕಚ್ಚಿದ ಮರುದಿನ ಜ್ವರ ಬರುವುದಿಲ್ಲ. ಸೊಳ್ಳೆ ಬಿಟ್ಟ ಪರಾವಲಂಬಿ ಮೊದಲು ಯಕೃತ್ತಿನಲ್ಲಿ ಬೆಳೆದು ರಕ್ತಕ್ಕೆ ಇಳಿಯಲು ಒಂದರಿಂದ ಎರಡು ವಾರ ಬೇಕು. ಅಷ್ಟರಲ್ಲಿ ಕಚ್ಚಿದ್ದು ಮರೆತಿರುತ್ತದೆ, ಜೌಗಿನ ವಾಸನೆ ಮಾತ್ರ ದಿನವೂ ಮೂಗಿಗೆ ಬಡಿಯುತ್ತಿರುತ್ತದೆ.

ಪಂಪ್‌ಹೌಸ್ ಕಡೆಯ ಮಣ್ಣುದಾರಿಯಲ್ಲಿ ನಿನ್ನೆಯ ಮಳೆಗೆ ಕಾರಿನ ಹಿಂದಿನ ಚಕ್ರ ಹೂತುಕೊಂಡಿತು. ಕಿವಿಹಣ್ಣಿನ ತೋಟದಿಂದ ಮೂವರು ಪಂಜಾಬಿ ಸರ್ದಾರ್ಜಿಗಳು ಓಡಿಬಂದು, ಹಲಗೆ ಕೊಟ್ಟು, ತಳ್ಳಿ ಎತ್ತಿದರು. ಈ ಜಿಲ್ಲೆಯ ಹೊಲದ ಕೆಲಸವನ್ನು ಬಹುಪಾಲು ಎತ್ತಿಹಿಡಿದಿರುವವರು ಈಗ ಅವರೇ. ಇಲ್ಲಿ ಗುರುದ್ವಾರಗಳೂ ಇವೆ. ಹಿಂದಿಯಲ್ಲಿ ಮಾತು ಸಾಗಿತು. ‘ಭಾಯಿ ಸಾಬ್, ಜೂನ್ ಜುಲೈಯಲ್ಲಿ ಸಂಜೆ ಇಲ್ಲಿ ನಿಲ್ಲೋಕೇ ಆಗಲ್ಲ, ಅಷ್ಟು ಸೊಳ್ಳೆ. ಜ್ವರ ಮಾತ್ರ ಇಲ್ಲ’ ಎಂದರು ಹಿರಿಯರು. ಈ ಹೊಲಗಳಲ್ಲಿ ಬಾಗಿ ದುಡಿಯುವ ಕೂಲಿಗಳು ಕಾಲಕಾಲಕ್ಕೆ ಬದಲಾಗುತ್ತ ಇರುತ್ತಾರೆ. ನೂರು ವರ್ಷದ ಹಿಂದೆ ಬೆಟ್ಟದಿಂದ ಇಳಿದು ಬರುತ್ತಿದ್ದ ಕೂಲಿಗಳಿಗೆ ಸಿಗದ ಒಂದು ಸೌಭಾಗ್ಯವಾದರೂ ಇವರಿಗಿದೆ: ಸೊಳ್ಳೆ ಕಚ್ಚಿದರೆ ತುರಿಕೆ ಬಿಟ್ಟು ಬೇರೇನೂ ಇಲ್ಲ.

ಕಾಲುವೆ ನಿರ್ವಹಣೆಯ ನೌಕರರೊಬ್ಬರು ಉದ್ದ ಕೈಯ ಯಂತ್ರದಿಂದ ಕಳೆ ಕತ್ತರಿಸುತ್ತಿದ್ದರು. ಯಂತ್ರ ನಿಲ್ಲಿಸಿ ಅಂಚಿನ ನೀರು ತೋರಿಸಿದರು. ಲಾರ್ವಾ ಹುಡುಕಲು ಬಿಳಿ ಬಟ್ಟಲನ್ನು ಓರೆಯಾಗಿ, ಹುಲ್ಲು ನೀರಿಗೆ ತಾಗುವ ಅಂಚಿನಲ್ಲಿ ನಿಧಾನವಾಗಿ ಇಳಿಸಬೇಕು. ನಮ್ಮ ನೆರಳು ಬಿದ್ದರೆ ಹುಳುಗಳು ಕೆಳಗೆ ಮುಳುಗುತ್ತವೆ; ಸ್ವಲ್ಪ ಕಾದರೆ ಮೇಲೆ ಬರುತ್ತವೆ. ಬಟ್ಟಲಿಗೆ ಬಂದ ನಾಲ್ಕೈದು ಹುಳುಗಳು ತಲೆಕೆಳಗಾಗಿ, ಬಾಲದ ಉಸಿರುಕೊಳವೆಯನ್ನು ಮೇಲ್ಮೈಗೆ ತಾಗಿಸಿ ಓರೆಯಾಗಿ ನೇತಾಡುತ್ತಿದ್ದವು. ಹಾಗಿದ್ದರೆ ಕ್ಯೂಲೆಕ್ಸ್, ಮಲೇರಿಯಾ ಹೊರದ ಸೊಳ್ಳೆ. ಅನಾಫಿಲಿಸ್ ಹುಳುವಿಗೆ ಆ ಕೊಳವೆ ಇಲ್ಲ, ಕಡ್ಡಿಯಂತೆ ಮೇಲ್ಮೈಗೆ ಸಮಾನಾಂತರವಾಗಿ ಮಲಗಿರುತ್ತದೆ, ತೇಲುವುದನ್ನೇ ತಿನ್ನುತ್ತದೆ. 1920ರ ದಶಕದಲ್ಲಿ ಇಲ್ಲಿ ಎರಚುತ್ತಿದ್ದ ‘ಪ್ಯಾರಿಸ್ ಹಸಿರು’ ಎಂಬ ತಾಮ್ರ, ಆರ್ಸೆನಿಕ್ಕಿನ ಪುಡಿಯನ್ನು ಧೂಳಿನಲ್ಲಿ ಬೆರೆಸಿ ತೂರಿದರೆ ಅದು ನೀರಿನ ಮೇಲೆ ತೇಲುತ್ತಿತ್ತು. ಮೇಲ್ಮೈಯಲ್ಲಿ ಮೇಯುವ ಅನಾಫಿಲಿಸ್ ಸತ್ತು, ಕೆಳಗೆ ತಿನ್ನುವ ಕ್ಯೂಲೆಕ್ಸ್ ಬದುಕುತ್ತಿತ್ತು. ಹಾಗಾಗಿ ಸೊಳ್ಳೆ ಕಡಿಮೆಯಾಗದೆ ಜ್ವರ ಕಡಿಮೆಯಾಗುತ್ತ ಬಂತು.

ನೀರಿನಲ್ಲಿ ಸಣ್ಣ ಮೀನುಗಳ ಗುಂಪೂ ಇತ್ತು, ಬಾಯಿ ಮೇಲ್ಮುಖ: ಗಂಬೂಸಿಯಾ. 1922ರಲ್ಲಿ ಇಟಲಿಗೆ ತಂದದ್ದು. 1928ರ ಸುಮಾರಿಗೆ ಭಾರತಕ್ಕೆ ಬಂದದ್ದು ಇಟಲಿಯಿಂದಲೇ. ನಮ್ಮ ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗಳಿಗೆ ಬಿಡುವ ಗಂಬೂಸಿಯಾದ ತವರುದಾರಿ ಈ ದೇಶದ್ದು. ಒಂದು ಮೀನು ದಿನಕ್ಕೆ ನೂರಕ್ಕೂ ಹೆಚ್ಚು ಹುಳು ತಿನ್ನಬಲ್ಲದು, ಆದರೆ ಅಂಚಿನಲ್ಲಿ ಕಳೆ ದಟ್ಟವಾಗಿದ್ದರೆ ಒಳನುಗ್ಗಲಾರದು. ಮೀನು ಬಿಟ್ಟು ಕಳೆ ಕೀಳದಿದ್ದರೆ ಪ್ರಯೋಜನವಿಲ್ಲ. ಊರಿನ ಮೀನುಮರಿ, ಗೊದಮೊಟ್ಟೆಗಳನ್ನೂ ತಿಂದುಹಾಕುವುದರಿಂದ ಹೊಳೆ ಕೆರೆಗೆ ಅದನ್ನು ಬಿಡಲೇಬಾರದು.

ಈ ಪಂಪುಗಳು ನಿಂತರೆ ಏನಾಗುತ್ತದೆ ಎಂಬುದಕ್ಕೂ ಇಲ್ಲಿ ಉತ್ತರವಿದೆ. 1943ರ ಶರತ್ಕಾಲದಲ್ಲಿ ಜರ್ಮನ್ ಸೇನೆ ಪಂಪು ನಿಲ್ಲಿಸಿ ಉಪ್ಪುನೀರನ್ನು ಬಯಲಿಗೆ ಬಿಟ್ಟಿತು. ಈ ಪ್ರಾಂತ್ಯದ ಮುಖ್ಯ ಸೊಳ್ಳೆ ಅನಾಫಿಲಿಸ್ ಲಾಬ್ರಾಂಕಿಯೆಗೆ ತುಸು ಉಪ್ಪಾದ ನೀರೆಂದರೆ ಹಬ್ಬ. ಲತೀನಾ ಪ್ರಾಂತ್ಯದಲ್ಲಿ 1943ರಲ್ಲಿ ಸುಮಾರು 1,200 ಇದ್ದ ಪ್ರಕರಣಗಳು 1944ರಲ್ಲಿ ಸುಮಾರು 55,000ಕ್ಕೆ ಏರಿದವು. ಆಮೇಲೆ ಡಿಡಿಟಿ ಎಂಬ ಕೀಟನಾಶಕ ಬಂತು, ಮನೆಯ ಒಳಗೋಡೆಗೆ ಸಿಂಪಡಿಸಿದರು. ರಕ್ತ ಕುಡಿದ ಸೊಳ್ಳೆ ಭಾರವಾಗಿ ಗೋಡೆಗೆ ಕೂರುತ್ತದಲ್ಲ, ಅಲ್ಲೇ ಸಾಯುತ್ತಿತ್ತು. 1946ರ ಹೊತ್ತಿಗೆ ಮುಂಬಯಿ ಪ್ರಾಂತ್ಯದ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲೂ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಇದೇ ಕೆಲಸ ನಡೆಯಿತು. ಇಟಲಿ ಮಲೇರಿಯಾಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 1970ರಲ್ಲಿ.

ನಾಲ್ಕನೇ ದಿನ: ಸೆರ್ಮೊನೆತಾ ಬೆಟ್ಟ, ನಿನ್ಫಾ

ಬಯಲಿನಿಂದ ಬೆಟ್ಟಕ್ಕೆ ತಿರುಗುವ ದಾರಿಯಲ್ಲಿ ಕೊಳೆತ ಮೊಟ್ಟೆಯ ವಾಸನೆ. ಗಂಧಕದ ಬುಗ್ಗೆಗಳು. ಮೇಲೆ ಪಾಳುಬಿದ್ದ ಕೋಟೆಯ ಹೆಸರೇ ‘ಆಕ್ವಾಪುತ್ಸಾ’, ನಾರುವ ನೀರು. ಕಾರಿನ ಗಾಜು ಇಳಿಸಿ ಒಂದು ನಿಮಿಷ ಇಲ್ಲಿ ನಿಂತರೆ ಕೆಟ್ಟ ಗಾಳಿ ಎಂಬ ಹೆಸರು ಯಾಕೆ ಬಂತೆಂದು ಯಾರೂ ವಿವರಿಸಬೇಕಾಗಿಲ್ಲ.

ಸೆರ್ಮೊನೆತಾ ಸಮುದ್ರಮಟ್ಟದಿಂದ ಇನ್ನೂರೈವತ್ತು ಮೀಟರಿನಷ್ಟು ಎತ್ತರ. ಕಾರನ್ನು ಊರಬಾಗಿಲ ಹೊರಗೇ ಬಿಟ್ಟು ಕಲ್ಲುಗಲ್ಲಿಗಳಲ್ಲಿ ಹತ್ತಬೇಕು. ಕಾಯೆತಾನಿ ಮನೆತನದ ಕೋಟೆಯ ಬುಡದ ಜಗಲಿಯಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದ ಅಜ್ಜಿ ಕೆಳಗಿನ ಬಯಲಿಗೆ ಬೆರಳು ತೋರಿಸಿ ಹೇಳಿದರು: ‘ನಮ್ಮಜ್ಜ ಬೆಳಿಗ್ಗೆ ಕತ್ತಲಿರುವಾಗ ಇಳಿದು, ಸಂಜೆ ಗಂಟೆ ಬಾರಿಸುವುದರೊಳಗೆ ಮೇಲೆ ಬರುತ್ತಿದ್ದ. ಸುಗ್ಗಿಯಲ್ಲಿ ಮಾತ್ರ ಕೆಳಗೇ ಮಲಗಬೇಕಾಗುತ್ತಿತ್ತು. ಸುಗ್ಗಿ ಮುಗಿಸಿ ಬಂದವರೆಲ್ಲ ಹಳದಿ.’ ಹೊಟ್ಟೆಯ ಎಡಭಾಗ ಮುಟ್ಟಿ ತೋರಿಸಿದರು. ಮತ್ತೆ ಮತ್ತೆ ಮಲೇರಿಯಾ ಬಂದರೆ ಊದಿಕೊಳ್ಳುವ ಗುಲ್ಮ ಅಲ್ಲಿಯೇ ಕೈಗೆ ಸಿಗುವುದು.

ಅಜ್ಜನ ಕಾಲದ ನಿಯಮಗಳನ್ನು ಒಂದೊಂದಾಗಿ ನೋಡಿದರೆ ಕಾರಣ ತಪ್ಪು, ಕೆಲಸ ಸರಿ. ರಾತ್ರಿ ಬಯಲಲ್ಲಿ ಮಲಗಬೇಡ: ಅನಾಫಿಲಿಸ್ ಕಚ್ಚುವುದು ಮುಸ್ಸಂಜೆಯಿಂದ ಮುಂಜಾವದವರೆಗೆ. ಎತ್ತರದಲ್ಲಿ ವಾಸಮಾಡು: ಇಲ್ಲಿನ ಸೊಳ್ಳೆ ಹುಟ್ಟುವ ನೀರು ಕೆಳಗಿದೆ, ಅಷ್ಟು ಮೇಲೆ ಅದು ಹಾರಿ ಬರುವುದು ಅಪರೂಪ. ಕತ್ತಲಾಗುತ್ತಲೇ ಕಿಟಕಿ ಮುಚ್ಚು, ಜೌಗು ಬತ್ತಿಸು. ಕೆಟ್ಟ ಗಾಳಿಯ ಸಿದ್ಧಾಂತ ಅಷ್ಟು ಶತಮಾನ ಬಾಳಿದ್ದು ಮೂಢತನದಿಂದಲ್ಲ; ಈ ನೆಲದಲ್ಲಿ ಅದರ ಪ್ರಕಾರ ನಡೆದವನು ನಿಜಕ್ಕೂ ಬದುಕುತ್ತಿದ್ದ.

‘ಈ ನೆಲದಲ್ಲಿ’ ಎನ್ನುವುದು ಮುಖ್ಯ. ಮಲೇರಿಯಾ ಎಂಬ ಮಾತು ಕಿವಿಗೆ ಬಿದ್ದರೆ ಕನ್ನಡಿಗರಿಗೆ ಮಲೆ, ಮಲೆನಾಡಿನ ಚಳಿಜ್ವರ ನೆನಪಾಗುವುದು ಸಹಜ, ಆದರೆ ಮಲೆಗೂ ಈ ಪದಕ್ಕೂ ನಂಟಿಲ್ಲ. ನಿಜವಾಗಿ ಮಲೆನಾಡಿನಲ್ಲಿ ನಿಯಮ ತಲೆಕೆಳಗು. ಪಶ್ಚಿಮಘಟ್ಟದ ಜ್ವರದ ಸೊಳ್ಳೆ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಹುಟ್ಟುವುದು ನಾರುವ ಜೌಗಿನಲ್ಲಲ್ಲ, ಹುಲ್ಲಿನಂಚಿನ ತಿಳಿಯಾದ ತೊರೆಯಲ್ಲಿ. ಬೆಟ್ಟ ಹತ್ತಿದರೆ ಜ್ವರ ಹತ್ತುತ್ತಿತ್ತು, ನೀರು ನಾರುತ್ತಿರಲಿಲ್ಲ, ಗಾಳಿ ಹಿತವಾಗಿಯೇ ಇತ್ತು. ಕಾಯಿಲೆಗೆ ಮೊದಲು ಹೆಸರಿಟ್ಟವರು ಮೂಡಿಗೆರೆಯವರಾಗಿದ್ದರೆ ಗಾಳಿಯನ್ನು ದೂರುವ ಹೆಸರು ಹುಟ್ಟುತ್ತಲೇ ಇರಲಿಲ್ಲ. ಅದು ರೋಮಿನ ಬಯಲಿನ ಹೆಸರು. ಲೋಕಕ್ಕೆಲ್ಲ ಹರಡಿದ ಮೇಲೆ ಯಾವ್ಯಾವುದೋ ನೀರಿನ, ಯಾವ್ಯಾವುದೋ ಸೊಳ್ಳೆಯ ಜ್ವರಗಳನ್ನು ಅದರಡಿ ಸೇರಿಸಿದ್ದೇವೆ. ಒಂದು ಊರಿನಲ್ಲಿ ಗೆದ್ದ ಉಪಾಯ ಇನ್ನೊಂದು ಊರಿನಲ್ಲಿ ಸೋಲುವುದು ಇದಕ್ಕೇ.

ಬೆಟ್ಟದ ಬುಡದ ನಿನ್ಫಾ ತೋಟಕ್ಕೆ ವರ್ಷದಲ್ಲಿ ಗೊತ್ತಾದ ಕೆಲವು ದಿನ ಮಾತ್ರ ಪ್ರವೇಶ, ಟಿಕೆಟ್ ಮುಂಗಡ. ಮಾರ್ಗದರ್ಶಿಯ ಜೊತೆಗೇ ಹೋಗಬೇಕು, ಗುಂಪು ಬಿಟ್ಟು ನಿಲ್ಲುವಂತಿಲ್ಲ. 14ನೇ ಶತಮಾನದ ಕೊನೆಯಲ್ಲಿ ಲೂಟಿಗೊಳಗಾದ ಊರು ಇದು. ಮತ್ತೆ ಜನ ನೆಲೆಸದಂತೆ ನೋಡಿಕೊಂಡದ್ದು ಜ್ವರ. ಚಾವಣಿಯಿಲ್ಲದ ಇಗರ್ಜಿಗಳ ಗೋಡೆಗೆ ಗುಲಾಬಿ ಬಳ್ಳಿ ಹಬ್ಬಿಸಿ 1920ರ ದಶಕದಲ್ಲಿ ಜೆಲಾಸಿಯೊ ಕಾಯೆತಾನಿ ತೋಟ ಶುರುಮಾಡಿದ. ಎಂಜಿನಿಯರ್ ಆಗಿದ್ದ ಅವನು ಮೊದಲು ಮಾಡಿದ್ದು ಕೆಸರು ಬತ್ತಿಸುವ ಕೆಲಸ. ನದಿಯ ನೀರು ತಣ್ಣಗೆ, ಗಾಜಿನಂತೆ ತಿಳಿ. ಹಳದಿ ತಿರುಗಿದ ಎಲೆಗಳು ಅದರ ಮೇಲೆ ವೇಗವಾಗಿ ಸಾಗುತ್ತಿದ್ದವು.

ಕೊನೆಯ ದಿನ: ಫ್ಯುಮಿಚಿನೊ

ರೋಮಿನ ವಿಮಾನ ನಿಲ್ದಾಣವಿರುವ ಫ್ಯುಮಿಚಿನೊ ಹಿಂದೆ ಜ್ವರದ ಹಳ್ಳಿ. ಜೊವಾನ್ನಿ ಬಾತ್ತಿಸ್ತಾ ಗ್ರಾಸ್ಸಿ ಬದುಕಿನ ಕೊನೆಗಾಲದಲ್ಲಿ ಕೆಲಸ ಮಾಡಿದ್ದು ಇಲ್ಲಿನ ಬಡ ರೋಗಿಗಳ ನಡುವೆ. 1925ರಲ್ಲಿ ತೀರಿಕೊಂಡ ಮೇಲೆ ಅವನ ಇಚ್ಛೆಯಂತೆ ಈ ಊರಿನ ಸ್ಮಶಾನದಲ್ಲೇ ಮಣ್ಣುಮಾಡಿದರು. ವಿಮಾನಕ್ಕೆ ನಾಲ್ಕೈದು ಗಂಟೆ ಇದ್ದರೆ ಹೋಗಿ ಬರಬಹುದು; ಸ್ಮಶಾನ ಮುಚ್ಚುವ ಹೊತ್ತು ಋತುವಿಗೆ ತಕ್ಕಂತೆ ಬದಲಾಗುವುದರಿಂದ ಬೆಳಗಿನ ಹೊತ್ತು ಒಳ್ಳೆಯದು.

ನೊಬೆಲ್ ಗ್ರಾಸ್ಸಿಗೆ ಬರಲಿಲ್ಲ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಪರಾವಲಂಬಿಯನ್ನು ಕಂಡ ರೊನಾಲ್ಡ್ ರಾಸ್‌ಗೆ 1902ರಲ್ಲಿ ಒಬ್ಬನಿಗೇ ಸಂದಿತು. ಯಾವ ಜಾತಿಯ ಸೊಳ್ಳೆ ಮನುಷ್ಯನ ಮಲೇರಿಯಾ ಹೊರುತ್ತದೆಂದು ಖಚಿತಪಡಿಸಿದವರು ರೋಮಿನವರು. ಇಬ್ಬರಿಗೂ ಸಲ್ಲಬೇಕಿತ್ತು ಎಂಬುದು ನಮ್ಮ ಅಭಿಪ್ರಾಯ. ರಾಸ್‌ಗೆ ಸೊಳ್ಳೆಯ ಮೊದಲ ಪಾಠವಾದದ್ದು ಬೆಂಗಳೂರಿನಲ್ಲಿ. 1883ರಲ್ಲಿ ಅಲ್ಲಿನ ತನ್ನ ಬಂಗಲೆಯ ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಹುಳುಗಳನ್ನು ಕಂಡು, ತೊಟ್ಟಿ ಮಗುಚಿ ಹಾಕಿದ್ದಕ್ಕೆ ಮನೆಯ ಸೊಳ್ಳೆ ಇಳಿದದ್ದನ್ನು ಅವನು ಗಮನಿಸಿದ್ದ. ಜೌಗಲ್ಲ, ಒಂದು ತೊಟ್ಟಿ ಸಾಕು ಎಂಬುದು ಬೆಂಗಳೂರಿನ ಪಾಠ. ಇವತ್ತಿಗೂ ನಮ್ಮ ಊರುಗಳ ಮಲೇರಿಯಾ ಸೊಳ್ಳೆ ಅನಾಫಿಲಿಸ್ ಸ್ಟೀಫೆನ್ಸಿ ಬಾವಿ, ಓವರ್‌ಹೆಡ್ ಟ್ಯಾಂಕು, ಕಟ್ಟಡ ಕೆಲಸದ ತೊಟ್ಟಿಗಳನ್ನೇ ಹುಡುಕಿಕೊಂಡು ಬರುತ್ತದೆ.

ಈಗ ಇಟಲಿಯಲ್ಲಿ ಕಾಣುವ ಮಲೇರಿಯಾ ಹೆಚ್ಚುಕಡಿಮೆ ಎಲ್ಲವೂ ಹೊರದೇಶದಿಂದ ಬಂದವರ ರಕ್ತದಲ್ಲಿ ಬಂದದ್ದು. ಊರಿನಲ್ಲಿ ವೈವಾಕ್ಸ್ ಬಗೆಯ ಮಲೇರಿಯಾ ಆಗಿ, ಅದು ಮರುಕಳಿಸದಂತೆ ಕೊಡುವ ಪ್ರೈಮಾಕ್ವಿನ್ ಮಾತ್ರೆಯ ಕೋರ್ಸು ಅರ್ಧಕ್ಕೆ ಬಿಟ್ಟವರಿಗೆ ಯಕೃತ್ತಿನಲ್ಲಿ ಮಲಗಿದ ಪರಾವಲಂಬಿ ಎಷ್ಟೋ ತಿಂಗಳ ಮೇಲೆ ಏಳಬಹುದು. ಇಟಲಿಯಲ್ಲಿ ಓದುವ, ದುಡಿಯುವ ಕನ್ನಡಿಗರಿಗೆ ಚಳಿ ಹತ್ತಿ ಜ್ವರ ಏರಿದರೆ ಬರಿ ಫ್ಲೂ ಎಂದು ಕೂರದೆ ‘ಪ್ರೊಂತೊ ಸೊಕ್ಕೊರ್ಸೊ’ಗೆ, ಅಂದರೆ ತುರ್ತು ವಿಭಾಗಕ್ಕೆ, ಹೋಗಿ. ಊರಿನಿಂದ ಬಂದ ತಾರೀಖನ್ನು ಮೊದಲು ಹೇಳಿ. ಆಮೇಲೆ ‘ಗೊಚ್ಚಾ ಸ್ಪೆಸ್ಸಾ’ ಪರೀಕ್ಷೆ ಕೇಳಿ. ದಪ್ಪ ಹನಿಯ ರಕ್ತಲೇಪ ಅದು. ಒಮ್ಮೆ ಏನೂ ಕಾಣಲಿಲ್ಲ ಎಂದರೆ ಸಾಲದು, ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಯ ಅಂತರದಲ್ಲಿ ಇನ್ನೆರಡು ಸಲ ಮಾಡಿಸಬೇಕು.